ಜಲಜಕ್ಕನ ಹೆಸರು ಹೋಗದ ದೋಣಿ

ನಮ್ಮ ಊರಿನಲ್ಲಿ ಹಳೆಯ ದೋಣಿ ಕೊಂಡವರು ಮೊದಲು ಬರುವುದು ನನ್ನ ಶೆಡ್ಡಿಗೆ. ಇಂಜಿನ್ ರಿಪೇರಿಯವನ ಹತ್ತಿರ ಆಮೇಲೆ ಹೋಗುತ್ತಾರೆ. ನಾನು ಹೆಸರು ತೆಗೆಯುವವಳು. ಬಣ್ಣ ಕೆರೆದು ಹಾಕುವುದನ್ನು ಯಾರು ಬೇಕಾದರೂ ಮಾಡಿಯಾರು, ಆದರೆ ಕೆರೆದ ಮೇಲೂ ದೋಣಿಯ ಮೈಮೇಲೆ ಹೆಸರಿನ ಗುರುತು ಉಳಿಯುತ್ತದೆ. ಅಕ್ಷರದ ಅಡಿಯಲ್ಲಿ ವರ್ಷಗಟ್ಟಲೆ ಬಿಸಿಲು ತಾಗಿರುವುದಿಲ್ಲವಲ್ಲ, ಅಲ್ಲಿಯ ಹೊಳಪು ಹೊಸದರ ಹಾಗೇ ಇರುತ್ತದೆ. ಸುತ್ತಲಿನದು ಮಾತ್ರ ಬಿಸಿಲಿಗೂ ಉಪ್ಪುನೀರಿಗೂ ಬೆಳ್ಳಗೆ ಬೂದಿ ಬಳಿದಂತಾಗಿರುತ್ತದೆ. ಹಾಗಾಗಿ ಅಕ್ಷರ ಹೋದರೂ ಹೆಸರನ್ನು ಓದಬಹುದು. ನಾವು ಓದಬಹುದು ಎಂದ ಮೇಲೆ ದೋಣಿಯೂ ಓದುತ್ತದೆ.

ನಮ್ಮಲ್ಲಿ ದೋಣಿ ಯಾರ ಹೆಸರು ಹೊತ್ತಿದೆಯೋ ಅವರ ಗುಣದಲ್ಲಿ ನಡೆಯುತ್ತದೆ. ಚುಕ್ಕಾಣಿ ಯಾರ ಕೈಯಲ್ಲಿದ್ದರೂ ಅಷ್ಟೇ. ಹಳೆಯ ಹೆಡ್‌ಮಾಸ್ಟರರ ಹೆಸರಿನ ದೋಣಿಯೊಂದಿದೆ, ದೋಣಿ ಕಟ್ಟುವ ಕಡವಿನಲ್ಲಿ ಬೇರೊಂದು ದೋಣಿ ಇಲ್ಲದಿದ್ದರೂ ಅದು ಸಾಲಿನಲ್ಲಿ ನಿಂತ ಹಾಗೆ ಸ್ವಲ್ಪ ಹೊತ್ತು ನಿಂತೇ ಮುಂದೆ ಬರುತ್ತದೆ. ಒಬ್ಬ ಪುಣ್ಯಾತ್ಮ ತನ್ನ ತಾಯಿಯ ಹೆಸರು ಬರೆಸಿದ. ಅವನ ಹೆಂಡತಿ ಎಲ್ಲಿ ಕೂರುತ್ತಾಳೋ ಅಲ್ಲೇ ಆ ದೋಣಿ ಸೋರುತ್ತದೆ. ಇನ್ನೊಬ್ಬ ಬಹಳ ಜಾಣ, ಮನುಷ್ಯರ ಸಹವಾಸವೇ ಬೇಡವೆಂದು 'ವಿಮಾನ' ಎಂದು ಬರೆಸಿದ. ದೋಣಿ ನೀರಿಗಿಳಿಯಲು ಒಪ್ಪದೆ ಮೂರು ದಿನ ದಡದ ಮೇಲೆ ಮೂತಿ ಎತ್ತಿಕೊಂಡು ಕೂತಿತ್ತು. ಅದನ್ನು ಉಜ್ಜಿ ತೆಗೆದವಳೂ ನಾನೇ. ಅಂದಿನಿಂದ ಎಲ್ಲರೂ ಗೊತ್ತಿರುವವರ ಹೆಸರನ್ನೇ ಇಡುತ್ತಾರೆ, ಅದೂ ಹೆಣ್ಣು ನೋಡಲು ಹೋದವರ ಹಾಗೆ ನಾಲ್ಕು ಮನೆಯಲ್ಲಿ ವಿಚಾರಿಸಿ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಮೈಮೂನಾ ನೀಲಿ ಫೈಬರ್ ದೋಣಿಯೊಂದನ್ನು ನನ್ನ ಕಡವಿಗೆ ತಂದು ಕಟ್ಟಿದಳು. ಮೈಮೂನಾ ಐಸ್ ಫ್ಯಾಕ್ಟರಿಯಲ್ಲಿ ಏಳು ವರ್ಷ ದುಡಿದ ಹುಡುಗಿ. ಈಗ ಆ ಕೆಲಸ ಬಿಟ್ಟು, ಫ್ಯಾಕ್ಟರಿಯಿಂದ ಹೊಳೆಬಾಗಿಲಿನ ಮೀನು ಇಳಿಸುವ ದಕ್ಕೆಗೆ ತಾನೇ ಐಸ್ ಸಾಗಿಸುವ ಹೊಣೆ ಹೊತ್ತಿದ್ದಳು. ದೋಣಿಯನ್ನು ನಾನು ದೂರದಿಂದಲೇ ಗುರುತು ಹಿಡಿದಿದ್ದೆ. ನನ್ನ ಮೈಯೆಲ್ಲ ಉರಿಯಿತು.

"ವಾರಿಜಕ್ಕ, ಇದು ದೋಣಿಯಾ ಅಲ್ಲ ಮಹಿಳಾ ಮಂಡಳಿಯಾ?" ಎಂದು ಅವಳು ಇಳಿಯುವ ಮೊದಲೇ ಶುರು ಮಾಡಿದಳು. "ಹೊರಟು ಹತ್ತು ಮಾರು ಹೋಗುದಿಲ್ಲ, ತಿರುಗಿ ವಾಪಾಸು ಬರ್ತದೆ. ಯಾಕೆ ಹೇಳಿ? ಬಾಗಿಲಿಗೆ ಬೀಗ ಹಾಕಿದೆಯಾ ಅಂತ ನೋಡ್ಲಿಕ್ಕೆ! ಆಮೇಲೆ ದಾರಿಯಲ್ಲಿ ಯಾವ ಕಡವಿನಲ್ಲಿ ಯಾವ ಹೆಂಗಸು ಬಟ್ಟೆ ಒಗೀತಿದ್ರೂ ಅಲ್ಲಿ ನಿಲ್ತದೆ. ನಿಂತದ್ದು ಹೊರಡುದೇ ಇಲ್ಲ."

"ಜಲಜಾಕ್ಷಿ ಅಂದ್ರೆ ಹಾಗೇ," ಎಂದೆ ನಾನು.

ದೋಣಿಯ ಎರಡೂ ಪಕ್ಕದಲ್ಲಿ ಅಕ್ಷರದ ಕೆಂಪು ಬಣ್ಣ ಕೆರೆದು ಹೋಗಿತ್ತು, ಆದರೆ 'ಜಲಜಾಕ್ಷಿ' ಎಂಬ ಹೆಸರು ಕಡು ನೀಲಿಯಲ್ಲಿ ಸ್ಪಷ್ಟವಾಗಿ ಉಳಿದಿತ್ತು. ಅದು ನನ್ನ ಅಪ್ಪನ ಕೈಬರಹ. ಜಲಜಾಕ್ಷಿ ನನ್ನ ಸ್ವಂತ ಅಕ್ಕ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಲೇಬೇಕು. ಅಪ್ಪ ಈ ದೋಣಿ ಮಾಡಿಸಿದಾಗ ಅಕ್ಕನ ಹೆಸರು ಬರೆದು, "ಮುಂದಿನ ದೋಣಿಗೆ ವಾರಿಜನ ಹೆಸರು" ಎಂದು ನನಗೆ ಮಾತು ಕೊಟ್ಟಿದ್ದರು. ಮುಂದಿನ ದೋಣಿ ಬರಲಿಲ್ಲ, ಅಪ್ಪ ಹೋದರು, ದೋಣಿ ಅಕ್ಕನ ಪಾಲಿಗೆ ಹೋಯಿತು. ಅದಕ್ಕೆ ನನಗೆ ಬೇಸರವಿರಲಿಲ್ಲ. ಒಂದು ವರ್ಷದ ಮಟ್ಟಿಗಾದರೂ ನನ್ನ ಹೆಸರು ಹಾಕು ಅಕ್ಕ ಎಂದು ಬಾಯಿಬಿಟ್ಟು ಕೇಳಿದೆ. ಬಟ್ಟೆ ಒಗೆಯುತ್ತಿದ್ದ ಎಂಟು ಹೆಂಗಸರ ಎದುರು ಅವಳು, "ನಿನ್ನ ಹೆಸರು ಬರೆದ್ರೆ ಅದು ಯಾರನ್ನೂ ಹತ್ತಿಸಿಕೊಳ್ಳುದಿಲ್ಲ, ದಾರಿಯುದ್ದ ಜಗಳ ಮಾಡಿಕೊಂಡು ಹೋಗ್ತದೆ," ಎಂದುಬಿಟ್ಟಳು. ಎಂಟೂ ಜನ ನಕ್ಕರು. ನಾನು ಅಂದಿಗೆ ಮಾತು ಬಿಟ್ಟೆ. ಹನ್ನೊಂದು ವರ್ಷವಾಗಿತ್ತು.

ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಆದರೆ ದಿನಾ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಅವಳು ಆ ದೋಣಿಯನ್ನು ನನ್ನ ಕಡವಿಗೇ ತರುತ್ತಿದ್ದಳು. ಇಳಿಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಎದ್ದು ನಿಂತು, ಕತ್ತು ಎತ್ತಿ ತೆಂಗಿನ ಮರಗಳನ್ನು ನೋಡುತ್ತಾ ಕಾಲು ಗಂಟೆ ಇದ್ದು ಹೋಗುತ್ತಿದ್ದಳು. 'ನೋಡು, ನನ್ನ ಹೆಸರು ನೋಡು' ಎಂದು ತೋರಿಸಲು ಬರುತ್ತಾಳೆ ಎಂದು ನಾನು ಮೊದಲ ವಾರದಿಂದಲೇ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಿದ್ದೆ. ಆ ಬೇಸಿಗೆಯ ಸುರುವಿಗೆ ಅದು ಬರುವುದು ನಿಂತಿತ್ತು. ಮಾರಿದ್ದಾಳೆ ಎಂದು ಗೊತ್ತಾದದ್ದು ಆವತ್ತೇ.

"ಶನಿವಾರಕ್ಕೆ ಆಗಬೇಕು ವಾರಿಜಕ್ಕ," ಎಂದಳು ಮೈಮೂನಾ. ಅವಳ ದನಿ ತಗ್ಗಿತ್ತು. "ದಕ್ಕೆಯ ಗುರಿಕಾರರು ಕೊರಗಪ್ಪಣ್ಣ ಇದ್ದಾರಲ್ಲ, ನಿನ್ನೆ ಪೆಟ್ಟಿಗೆ ತೆಗೆದು ನೋಡಿ, 'ಇದು ಐಸಾ ಶರಬತ್ತಾ?' ಅಂತ ಎಲ್ಲರ ಎದುರು ಕೇಳಿದ್ರು. ಶನಿವಾರ ಬೆಳಿಗ್ಗೆ ಐಸು ಐಸಾಗಿಯೇ ಬರ್ಬೇಕಂತೆ. ಇಲ್ಲದಿದ್ರೆ ಲಾರಿಯವರಿಗೆ ಹೇಳ್ತಾರಂತೆ. ನಾನು ಇದ್ದ ಕೆಲಸ ಬಿಟ್ಟು ಬಂದವಳು."

ಹೊಸ ಹೆಸರು ಯಾವುದು ಎಂದು ಕೇಳಿದೆ. ಅವಳ ಮುಖ ಅರಳಿತು. ತೀರಿಹೋದ ಅಜ್ಜಿ ಬೀಪಾತುಮ್ಮನ ಹೆಸರಂತೆ. ಆ ಅಜ್ಜಿಯನ್ನು ನಾನೂ ಕಂಡಿದ್ದೇನೆ. ನಡೆಯುವುದೆಂದರೆ ಓಡುವುದೇ, ಮದುವೆ ಮನೆಗೆ ಹೋದರೂ ಬಡಿಸಿದ್ದನ್ನು ನಿಂತುಕೊಂಡೇ ಮುಗಿಸಿ ಹೊರಡುವ ಹೆಂಗಸು. ಐಸಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ. ಆದರೆ ಹಳೆಯ ಗುರುತು ಪೂರ್ತಿ ಹೋಗದೆ ಹೊಸದನ್ನು ಬರೆದರೆ ಇಬ್ಬರು ಹೆಂಗಸರು ಒಂದು ದೋಣಿಯಲ್ಲಿ ಎಳೆದಾಡಿದ ಹಾಗಾಗಿ, ದೋಣಿ ಇದ್ದಲ್ಲೇ ಸುತ್ತು ಹಾಕುತ್ತದೆ.

"ಬುಧವಾರ ಬಾ, ಕನ್ನಡಿ ಮಾಡಿಟ್ಟಿರ್ತೇನೆ," ಎಂದೆ.

"ಜಲಜಕ್ಕನ ಹತ್ತಿರ ಕೇಳಿ ಬರ್ಲಿಕ್ಕುಂಟಲ್ಲ?"

"ಅದೆಲ್ಲ ನಾನು ನೋಡಿಕೊಳ್ತೇನೆ," ಎಂದೆ.

ಇದು ನಾನು ಹೇಳಿದ ಸುಳ್ಳು. ನಮ್ಮ ಕೆಲಸಕ್ಕೊಂದು ಪದ್ಧತಿಯಿದೆ. ಉಜ್ಜಲು ಕೂರುವ ಮೊದಲು ಯಾರ ಹೆಸರೋ ಅವರ ಮನೆಗೆ ಎರಡು ವೀಳ್ಯದೆಲೆ, ಒಂದು ಅಡಿಕೆ ಹಿಡಿದುಕೊಂಡು ಹೋಗಿ, ನಿಮ್ಮ ಹೆಸರನ್ನು ತೆಗೆಯಬಹುದೇ ಎಂದು ಕೇಳಬೇಕು. ಅವರು ಬಂದು ಮೊದಲ ಅಕ್ಷರವನ್ನು ಒದ್ದೆ ಬಟ್ಟೆಯಲ್ಲಿ ತಾವೇ ಒಂದು ಸಲ ಒರೆಸಬೇಕು. ಅವರು ಇಲ್ಲದಿದ್ದರೆ ಮನೆಯ ಹಿರಿಯರು. ಇಪ್ಪತ್ತು ವರ್ಷದಲ್ಲಿ ನಾನು ಇದನ್ನು ತಪ್ಪಿಸಿದವಳಲ್ಲ. ತಪ್ಪಿಸಿದ ಬೇರೆಯವರನ್ನು ಕಡವಿನಲ್ಲಿ ನಿಲ್ಲಿಸಿ ಬೈದವಳು. ಆದರೆ ಜಲಜಾಕ್ಷಿಯ ಅಂಗಳಕ್ಕೆ ಹೋಗಿ ವೀಳ್ಯ ನೀಡಿ ನಿಲ್ಲುವುದೇ? ನನ್ನ ಕೈಯಲ್ಲಿ ಕಸುಬಿದೆ, ಅವಳ ಅಪ್ಪಣೆ ಯಾರಿಗೆ ಬೇಕು ಎಂದುಕೊಂಡೆ.

ಕೂರುವ ಮೊದಲು ಒಂದು ಕೆಲಸ ಮಾಡಿದೆ. ಎಣ್ಣೆ ಕಾಗದವೊಂದನ್ನು ದೋಣಿಯ ಪಕ್ಕಕ್ಕೆ ಅಂಟಿಸಿ, ಅಪ್ಪನ ಅಕ್ಷರಗಳನ್ನು ಪೆನ್ಸಿಲಿನಲ್ಲಿ ಹಾಗೇ ತೆಗೆದುಕೊಂಡೆ. ಬೇರೆ ಯಾರ ದೋಣಿಗೂ ಹೀಗೆ ಮಾಡಿದ್ದಿಲ್ಲ. ಕಾಗದವನ್ನು ಮಡಚಿ ಮೇಣದ ಡಬ್ಬಿಯ ಕೆಳಗೆ ಇಟ್ಟು ಯಾರಿಗೂ ಹೇಳಲಿಲ್ಲ.

ಆಮೇಲೆ ಕೆಲಸ. ಹೊಸಬರು ಅಕ್ಷರದ ಮೇಲೆಯೇ ಉಜ್ಜುತ್ತಾರೆ, ಉಜ್ಜಿದಷ್ಟೂ ಅದು ಎದ್ದು ಕಾಣುತ್ತದೆ. ಅಕ್ಷರದಲ್ಲಿ ತಪ್ಪಿಲ್ಲ, ಅಲ್ಲಿಯ ಬಣ್ಣ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಸುತ್ತಲಿನದು. ಸುತ್ತಲೂ ಬಿಸಿಲು ತಿಂದ ಪದರ ಎದ್ದು ಹೋಗಿ ಒಳಗಿನ ನೀಲಿ ಮೇಲೆ ಬಂದರೆ ಎರಡೂ ಒಂದೇ ಆಗುತ್ತದೆ. ಸೋಪಿನ ನೀರಲ್ಲಿ ತೊಳೆದು, ವಾಟರ್ ಪೇಪರ್ ಎನ್ನುವ ಒರಟು ಮರಳುಕಾಗದದಲ್ಲಿ ನೀರು ಬಿಡುತ್ತಾ ಉಜ್ಜಿದೆ, ನಯದ್ದರಲ್ಲಿ ಉಜ್ಜಿದೆ, ಅದಕ್ಕಿಂತ ನಯದ್ದರಲ್ಲಿ ಉಜ್ಜಿದೆ. ಪಾಲಿಶ್ ಪೇಸ್ಟ್ ಹಚ್ಚಿ, ಮೇಣ ಹಚ್ಚಿ, ಹಳೆಯ ಬನಿಯನ್ ಬಟ್ಟೆಯಲ್ಲಿ ತಿಕ್ಕಿದೆ. ಮಂಗಳವಾರ ಮಧ್ಯಾಹ್ನಕ್ಕೆ ದೋಣಿಯಲ್ಲಿ ನನ್ನ ಮುಖ ಕಾಣುತ್ತಿತ್ತು, ಮೂಗಿನ ಮೇಲಿನ ಮಚ್ಚೆ ಸಮೇತ. ಅಕ್ಷರದ ಸುಳಿವಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಕೂತು ಎರಡು ಲೋಟ ಚಹಾ ಕುಡಿದೆ.

ಬುಧವಾರ ಬೆಳಿಗ್ಗೆ ಮೈಮೂನಾ ಬಂದು, ಬಾಯಿ ಮೇಲೆ ಕೈ ಇಟ್ಟು ಹೊಗಳಿ, ದೋಣಿಯನ್ನು ನೀರಿಗಿಳಿಸಿದಳು. ಹತ್ತು ಮಾರು ಹೋಯಿತು. ನಿಂತಿತು. ತಿರುಗಿ ಬಂದು, ನನ್ನ ಶೆಡ್ಡಿನ ಬಾಗಿಲಿನ ಕಡೆ ಒಮ್ಮೆ ಮೂತಿ ತೋರಿಸಿ, ಬೀಗ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಹೊರಟಿತು. ಮೊದಲ ಕಡವಿನಲ್ಲಿ ಯಾರೋ ಅಕ್ಕಿ ತೊಳೆಯುತ್ತಿದ್ದರು, ಅಲ್ಲಿ ಹೋಗಿ ನಿಂತಿತು. ನೀರು ಸಿಡಿದು ಒದ್ದೆಯಾದ ಪಕ್ಕದಲ್ಲಿ ದೊಡ್ಡದಾಗಿ 'ಜಲಜಾಕ್ಷಿ' ಎಂದು ಮೂಡಿದ್ದು ನನಗೆ ಇಲ್ಲಿಂದಲೇ ಕಾಣಿಸಿತು.

ಬುಧವಾರವಿಡೀ ಮತ್ತೆ ಉಜ್ಜಿದೆ. ಗುರುವಾರ ಮತ್ತೆ. ಹೆಬ್ಬೆರಳಿನ ಚರ್ಮ ಕಿತ್ತು ಬಂತು. ಒಣಗಿದಾಗ ಕಾಣದು, ಒಂದು ಚೊಂಬು ನೀರು ಹೊಯ್ದರೆ ನಗುತ್ತಾ ಮೇಲೆ ಬರುವುದು. ಇನ್ನೂ ಉಜ್ಜಿದರೆ ಹೊಳಪಿನ ಪದರವೇ ಮುಗಿದು ಒಳಗಿನ ನಾರು ಎದ್ದೀತು, ಆಮೇಲೆ ದೋಣಿ ನೀರು ಕುಡಿಯುತ್ತದೆ. ಶುಕ್ರವಾರ ಬೆಳಿಗ್ಗೆ ಮೈಮೂನಾ ಬಂದಾಗ ನಾನು ಪೇಪರನ್ನು ಕೆಳಗೆ ಹಾಕಿ ಕೂತಿದ್ದೆ.

ಅವಳು ನನ್ನ ಕೈ ನೋಡಿದಳು, ಒದ್ದೆ ದೋಣಿಯನ್ನು ನೋಡಿದಳು. "ವಾರಿಜಕ್ಕ, ಸತ್ಯ ಹೇಳಿ. ಜಲಜಕ್ಕನ ಹತ್ತಿರ ಹೋಗಿದ್ದೀರಾ?"

"ಇಲ್ಲ," ಎಂದೆ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮೆಟ್ಟಿಲಿನ ಮೇಲೆ ಕುಸಿದು ಕೂತು, "ನಾಳೆ ಶನಿವಾರ," ಎಂದಳು ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ನನ್ನ ಸಿಟ್ಟು ನನಗೂ ಅಕ್ಕನಿಗೂ ಸಂಬಂಧಪಟ್ಟದ್ದು, ಅದಕ್ಕೆ ಈ ಹುಡುಗಿಯ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಎದ್ದು ಸೀರೆ ಬದಲಿಸಿ, ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದುಕೊಂಡೆ. ಯಾಕೆಂದು ನನಗೇ ತಿಳಿಯದು, ಮೇಣದ ಡಬ್ಬಿಯ ಕೆಳಗಿನ ಕಾಗದವನ್ನೂ ತೆಗೆದುಕೊಂಡೆ.

ಅಕ್ಕನ ಮನೆ ಐದು ಕಡವು ಆಚೆ. ದೋಣಿಗೆ ದಾರಿ ಹೇಳಬೇಕಾಗಿರಲಿಲ್ಲ. ಆದರೆ ನಡುವಿನ ಎಲ್ಲ ಕಡವಿನಲ್ಲೂ ನಿಂತಿತು. ಒಬ್ಬಳು ಮಗಳ ಹೆರಿಗೆಯ ಕಥೆ ಹೇಳಿದಳು, ಇನ್ನೊಬ್ಬಳು ಹಲಸಿನ ಹಪ್ಪಳ ಕೊಟ್ಟಳು, ಮೂರನೆಯವಳು, "ಇದೇನು ವಾರಿಜ, ಈ ದೋಣಿಯಲ್ಲಿ ನೀನು?" ಎಂದು ಕೇಳಿ ಉತ್ತರಕ್ಕೆ ಕಾಯದೆ ನಾಲ್ಕನೆಯ ಕಡವಿಗೆ ಕೂಗಿ ತಿಳಿಸಿದಳು. ಹಾಗಾಗಿ ನಾವು ತಲುಪುವಾಗ ಅಕ್ಕನಿಗೆ ಸುದ್ದಿ ಮುಟ್ಟಿಯಾಗಿತ್ತು. ಮೆಟ್ಟಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದಿನಾ ಬೆನ್ನು ಹಾಕಿ ಕೂತ ನಾನು ಅದನ್ನು ನೋಡಿರಲೇ ಇಲ್ಲ.

"ಮೈಮೂನಾ," ಎಂದಳು ಅಕ್ಕ, ನನ್ನನ್ನು ನೋಡದೆ, "ಅವಳು ಎಂತಕ್ಕೆ ಬಂದದ್ದು ಅಂತ ಕೇಳು."

"ಹೆಸರು ತೆಗೀಲಿಕ್ಕೆ ಕೇಳ್ಲಿಕ್ಕೆ ಬಂದದ್ದು ಅಂತ ಹೇಳು," ಎಂದೆ ನಾನು.

"ವಾರದಿಂದ ಉಜ್ಜುದು ಊರಿಗೆಲ್ಲ ಗೊತ್ತುಂಟು. ಈಗ ನೆನಪಾಯ್ತಂತಾ ಕೇಳು."

ಮೈಮೂನಾ ಇಬ್ಬರ ಮುಖವನ್ನೂ ನೋಡಿದಳು. "ನನಗೆ ನಾಳೆ ಐಸು ಸಾಗಿಸ್ಲಿಕ್ಕುಂಟು," ಎಂದಳು. "ನೀವಿಬ್ಬರೂ ನಿಮ್ಮ ಬಾಯಿಂದಲೇ ಮಾತಾಡಿ. ನಿಮ್ಮ ಮಾತು ಹೊತ್ತು ಹಾಕ್ಲಿಕ್ಕೆ ನಾನು ಅಂಚೆಯವಳಾ?"

ನಾನು ಮೆಟ್ಟಿಲು ಹತ್ತಿ ವೀಳ್ಯ ನೀಡಿದೆ. ಅವಳು ತೆಗೆದುಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಹನ್ನೊಂದು ವರ್ಷ ದಿನಾ ನನ್ನ ಕಡವಿಗೆ ತಂದು ನಿಲ್ಲಿಸಿ ಹೊಟ್ಟೆ ಉರಿಸಿದ್ದು ಸಾಕಾಗ್ಲಿಲ್ವಾ ನಿನಗೆ?" ಎಂದು ಕೂಗಿಯೇಬಿಟ್ಟೆ.

"ನಾನು ತಂದದ್ದಾ?" ಅಕ್ಕ ನನಗಿಂತ ಜೋರಾಗಿ ಕೂಗಿದಳು. "ನಾನು ತರ್ತೇನಾ? ನಾನು ಚುಕ್ಕಾಣಿ ಆಚೆ ತಿರುಗಿಸಿದ್ರೆ ಅದು ಈಚೆ ತಿರುಗ್ತಿತ್ತು! ನಾಲ್ಕು ಗಂಟೆ ಆಗಬಾರದು, ಹೊರಟಿತು ನಿನ್ನ ಕಡವಿಗೆ. ಹುಟ್ಟು ಹಾಕಿ ತಡೆದಿದ್ದೇನೆ, ಲಂಗರು ಹಾಕಿದ್ದೇನೆ, ಲಂಗರು ಎಳಕೊಂಡು ಬಂದಿದೆ. ನೀನು ಬೆನ್ನು ಹಾಕಿ ಕೂತಿರ್ತಿದ್ದಿ. ನಾನು ಎಲ್ಲಿ ನೋಡುದು? ತೆಂಗಿನ ಮರ ನೋಡ್ತಿದ್ದೆ. ಊರವರೆಲ್ಲ ನೋಡಿ ಬಾಯಿ ಮುಚ್ಚಿ ನಗಾಡ್ಲಿಕ್ಕೆ ಶುರು ಮಾಡಿದ್ರು. ದೋಣಿ ಯಾರ ಗುಣದಲ್ಲಿ ಹೋಗ್ತದೆ ಅಂತ ಅವರಿಗೆ ಗೊತ್ತಿಲ್ವಾ? ನಾಚಿಕೆ ತಡೀಲಿಕ್ಕಾಗದೆ ದಡಕ್ಕೆ ಎಳೆದು ಹಾಕಿ, ಆಮೇಲೆ ಮಾರಿದ್ದು ನಾನು."

ಊರಿನ ಎಲ್ಲ ದೋಣಿಗಳ ಗುಣ ಬಲ್ಲವಳು ನಾನು. ಯಾವುದು ಯಾಕೆ ವಾಲುತ್ತದೆ, ಯಾವುದು ಯಾರನ್ನು ಕಂಡರೆ ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವಳು. ಹನ್ನೊಂದು ವರ್ಷ ಒಂದು ದೋಣಿ ದಿನಾ ನನ್ನ ಬಾಗಿಲಿಗೆ ಬಂದು ಕಾಲು ಗಂಟೆ ನಿಂತರೆ ಅದಕ್ಕೇನು ಅರ್ಥ ಎಂದು ನನಗೆ ಹೊಳೆಯಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಮೊದಲೇ ಅಕ್ಕ ಅಳುತ್ತಿದ್ದಳು. ಮೈಮೂನಾ ಹಪ್ಪಳದ ಕಟ್ಟು ಹಿಡಿದುಕೊಂಡು ಹೊಳೆಯ ಕಡೆ ನೋಡುತ್ತಿದ್ದಳು.

"ಆದ್ರೆ ನೀನು ಆವತ್ತು ಎಂಟು ಜನರ ಎದುರು ಹಾಗೆ ಹೇಳಬಾರದಿತ್ತು," ಎಂದೆ ಮೂಗು ಒರೆಸಿಕೊಳ್ಳುತ್ತಾ.

"ಹೇಳಬಾರದಿತ್ತು. ಹೌದು. ತಪ್ಪಾಯ್ತು ಅಂತ ಹೇಳಲಿಕ್ಕೆ ದಿನಾ ಬಾಯಿವರೆಗೆ ಬರ್ತಿತ್ತು." ಅಕ್ಕ ಸೆರಗಿನಲ್ಲಿ ಕಣ್ಣೊರೆಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ, "ಆದ್ರೂ, ನಾನು ಸುಳ್ಳು ಹೇಳಿದ್ದಾ?"

"ಸುಳ್ಳಲ್ಲ," ಎಂದಳು ಮೈಮೂನಾ ಹಿಂದಿನಿಂದ, ತಿರುಗದೆ.

ಮೂವರೂ ನಕ್ಕೆವು. ಅಕ್ಕ ವೀಳ್ಯ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒದ್ದೆ ಬಟ್ಟೆ ಹಿಡಿದು ನೀರಿಗಿಳಿದು, 'ಜ' ಮೇಲೆ ಕೈ ಇಟ್ಟು ನಿಂತಳು. ಒರೆಸಲಿಲ್ಲ.

"ಅಪ್ಪನ ಅಕ್ಷರ," ಎಂದಳು. "ಇದು ಹೋದ್ರೆ ಮತ್ತೆಲ್ಲಿಯೂ ಇಲ್ಲ."

ನಾನು ಎಣ್ಣೆ ಕಾಗದವನ್ನು ಬಿಡಿಸಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ನನ್ನನ್ನು ನೋಡಿದಳು. ನೆನೆಯದ ಹಾಗೆ ಮಡಚಿ ರವಿಕೆಯೊಳಗೆ ಸೇರಿಸಿದಳು. ಆಮೇಲೆ ಮಗುವಿನ ಮುಖ ಒರೆಸುವ ಹಾಗೆ ಮೊದಲ ಅಕ್ಷರವನ್ನು ಒರೆಸಿದಳು.

ಅಲ್ಲೇ, ಅಕ್ಕನ ಕಡವಿನಲ್ಲೇ ಉಜ್ಜಿದೆವು. ಅಕ್ಕ ನೀರು ಹೊಯ್ದಳು, ನಾನು ತೀರ ನಯದ ಪೇಪರ್ ಹಿಡಿದೆ, ಮೈಮೂನಾ ಮೇಣ ತಿಕ್ಕಿದಳು. ಹೆಚ್ಚು ಉಜ್ಜಬೇಕಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ ಇಡೀ ಕೊಡ ನೀರನ್ನು ಪಕ್ಕಕ್ಕೆ ಎರಚಿದಳು. ನೀಲಿ, ಬರೀ ನೀಲಿ. ಸಂಜೆಯೊಳಗೆ ಬಣ್ಣದವನನ್ನು ಕರೆಸಿ 'ಬೀಪಾತುಮ್ಮ' ಎಂದು ಬಿಳಿಯಲ್ಲಿ ಬರೆಸಿದೆವು. ಕೊನೆಯ ಅಕ್ಷರದಿಂದ ಅವನು ಕುಂಚ ಎತ್ತುವುದಕ್ಕೂ ದೋಣಿ ಹಗ್ಗ ಜಗ್ಗುವುದಕ್ಕೂ ಸರಿಹೋಯಿತು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ದಕ್ಕೆಗೆ ಮೊದಲೇ ಹೋಗಿ ನಿಂತಿದ್ದೆವು. ಹೊಳೆಯ ತಿರುವಿನಲ್ಲಿ ಬಿಳಿ ನೊರೆ ಕಂಡಿತು, ಅದರ ಹಿಂದೆ ದೋಣಿ ಕಂಡಿತು. ಸಾಲಿನಲ್ಲಿ ನಿಂತಿದ್ದ ಹೆಡ್‌ಮಾಸ್ಟರರ ದೋಣಿಯನ್ನು ಬಳಸಿಕೊಂಡು ನೇರವಾಗಿ ಬಂದು ದಕ್ಕೆಗೆ ಗುದ್ದಿತು. ಕೊರಗಪ್ಪಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಸುಮ್ಮನೆ ನೋಡಿದರೆ ಸಾಕಾಗಿತ್ತು, ದೊಡ್ಡಸ್ತಿಕೆಗೆ ಐಸಿನ ಮೇಲೆ ಅಂಗೈ ಒತ್ತಿ ಹಿಡಿದರು. ಮರುಕ್ಷಣ "ಅಮ್ಮಾ!" ಎಂದು ಕೈ ಕೊಡವಿದರು.

"ಐಸಾ ಶರಬತ್ತಾ ಗುರಿಕಾರ್ರೇ?" ಎಂದಳು ಮೈಮೂನಾ.

"ಐಸು ಮಾರಾಯ್ತಿ, ಐಸು. ಇನ್ನು ದಿನಾ ನೀನೇ ತಾ," ಎಂದರು ಅವರು ಬೆರಳು ಊದಿಕೊಳ್ಳುತ್ತಾ.

ನಮ್ಮ ಹತ್ತಿರ ಬಂದು ಮಾತಾಡಬೇಕೆಂದು ಅವಳಿಗೆ ಆಸೆಯಿತ್ತು. ಆದರೆ ಪೆಟ್ಟಿಗೆ ಇಳಿದದ್ದೇ ತಡ, ದೋಣಿ ಹೊರಟುಬಿಟ್ಟಿತು. ಅವಳು ಹಾರಿ ಹತ್ತಿ, "ಈ ಅಜ್ಜಿ ನಿಲ್ಲುದಿಲ್ಲ ವಾರಿಜಕ್ಕ!" ಎಂದು ಕೂಗುತ್ತಾ ತಿರುವಿನಲ್ಲಿ ಮರೆಯಾದಳು. ಅವಳ ದನಿಯಲ್ಲಿ ಇದ್ದ ಸಂತೋಷ ನನಗೆ ದಿನವಿಡೀ ಕೇಳಿಸುತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆ ನಾನು ಅಭ್ಯಾಸದಂತೆ ಬೆನ್ನು ಹಾಕಿ ಕೂತೆ. ಕಡವಿನಲ್ಲಿ ಯಾವ ದೋಣಿಯೂ ಇರಲಿಲ್ಲ. ಇನ್ನು ಬರುವುದಕ್ಕೆ ದೋಣಿ ಎಲ್ಲಿದೆ? ಮಾತು ಶುರುವಾದ ಮೇಲೆ ನಾಲ್ಕು ಗಂಟೆ ಖಾಲಿಯಾಯಿತಲ್ಲ ಎಂದುಕೊಂಡೆ. ತಡೆಯಲಾಗದೆ ತಿರುಗಿ ಕೂತೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊಳೆಗೆ ಮುಖ ಮಾಡಿ. ಆಗ ಕಂಡಿತು, ದಂಡೆಯ ದಾರಿಯಲ್ಲಿ, ದೂರದ ಹುಣಸೆ ಮರದ ಹತ್ತಿರ, ಬಿಳಿ ತಲೆಯೊಂದು ಬಿರಬಿರನೆ ಬರುತ್ತಿತ್ತು. ಮರ ದಾಟಿತು. ನಿಂತಿತು. ಕೈಯನ್ನು ಹಣೆಗೆ ಬಡಿದುಕೊಂಡು, ತಿರುಗಿ ಬಂದ ದಾರಿಯಲ್ಲೇ ಹೊರಟುಹೋಯಿತು.

ನಾನು ಎದ್ದು ಒಲೆ ಹೊತ್ತಿಸಿ ಚಹಾಕ್ಕೆ ಇಬ್ಬರ ನೀರಿಟ್ಟೆ. ಬೀಗ ನೋಡಿ ಬರುತ್ತಾಳೆ.